30–40ರ ಸೈಟಿನವರ ಮನೆಯನ್ನೂ ತೋರಿಸಿ

ಮಾನ್ಯ ಸಂಪಾದಕರಿಗೆ, ನಮಸ್ಕಾರಗಳು.

ತಮ್ಮ ಪತ್ರಿಕೆಯ ಶನಿವಾರದ ಪುರವಣಿಯಲ್ಲಿ ಮೂರು ವಾರಗಳಿಂದ ‘ಪರಿಸರಸ್ನೇಹಿ ಮನೆ’ಗಳ ಬಗ್ಗೆ ಬರೆಯುತ್ತಿದ್ದೀರಿ. ಮೂರನ್ನೂ ಓದಿದೆ. ಮನೆಗಳು ಚೆನ್ನಾಗಿವೆ. ಆದರೆ ಮೂರೂ ಊರಾಚೆಯ ತೋಟದಲ್ಲಿವೆ, ಒಂದೊಂದೂ ಮೂರು ಸಾವಿರ ಚದರ ಅಡಿಗೆ ಕಡಿಮೆ ಇಲ್ಲ. ಒಂದರಲ್ಲಂತೂ ಈಜುಕೊಳವಿದೆ. ಇದನ್ನೆಲ್ಲ ನೋಡಿದ ನಮ್ಮ ಬೀದಿಯವರು, “ಟೀಚರಮ್ಮಾ, ಇದು ದುಡ್ಡಿದ್ದೋರ ಹವ್ಯಾಸ ಬಿಡಿ” ಅಂದುಬಿಟ್ಟರು. ಆ ಮಾತು ನನಗೆ ನೋವು ತಂದಿತು. ಯಾಕೆಂದರೆ ಅದೇ ಬೀದಿಯಲ್ಲಿ 30–40ರ ಸೈಟಿನಲ್ಲಿ ಬ್ಯಾಂಕ್ ಸಾಲ ಮಾಡಿ ಅಂಥದೇ ಮನೆ ಕಟ್ಟಿ ನಾವು ಆರು ಜನ ವಾಸವಾಗಿದ್ದೇವೆ. ಪರಿಸರಕ್ಕೆ ಭಾರವಾಗದ ಮನೆ ಸಾಮಾನ್ಯ ಸಂಸಾರದ ಕೈಗೆ ಎಟುಕುತ್ತದೆ, ಪಾಯ ತೆಗೆಯುವ ಮೊದಲೇ ಕೂತು ಯೋಚಿಸಿದರೆ. ಅದನ್ನು ಹೇಳಲೆಂದೇ ಈ ಪತ್ರ.

ನಾನು ಚಿತ್ರದುರ್ಗದವಳು. ಪ್ರೌಢಶಾಲೆಯಲ್ಲಿ 31 ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಹುಟ್ಟಿದ್ದು ಚಳ್ಳಕೆರೆ ತಾಲ್ಲೂಕಿನ ಒಂದು ಹಳ್ಳಿಯ ಮಾಳಿಗೆ ಮನೆಯಲ್ಲಿ. ಎರಡು ಅಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪು ಹಾಸಿ ಕರ್ಲು ಮಣ್ಣು ಮೆತ್ತಿದ ಮಾಳಿಗೆ, ನಡುಮನೆಗೆ ಬೆಳಕು ಬೀಳಲು ಒಂದು ಗವಾಕ್ಷಿ. ಹೊರಗೆ ಕಾಲು ಸುಡುತ್ತಿದ್ದರೂ ಒಳಗೆ ಮಧ್ಯಾಹ್ನ ಚಾಪೆ ಹಾಕಿ ಮಲಗಬಹುದಿತ್ತು. ಹಾಗಂತ ಆ ಮನೆಯನ್ನು ಹೊಗಳಿ ಕೂರುವವಳು ನಾನಲ್ಲ. ಪ್ರತಿ ವರ್ಷ ಮುಂಗಾರಿಗೆ ಮೊದಲು ಮಾಳಿಗೆಗೆ ಮಣ್ಣು ಹೊತ್ತು ಅಮ್ಮನ ಸೊಂಟ ಹೋಗುತ್ತಿತ್ತು. ಜೋರು ಮಳೆ ಬಂದ ರಾತ್ರಿ ಸೋರುವ ಕಡೆಗೆಲ್ಲ ಪಾತ್ರೆ ಇಟ್ಟುಕೊಂಡು ಕೂತಿರುತ್ತಿದ್ದೆವು. ಆ ತಂಪು ಬೇಕು, ಆ ಪಾಡು ಬೇಡ. ಮನೆ ಕಟ್ಟಲು ಹೊರಟಾಗ ನನಗೆ ಗೊತ್ತಿದ್ದದ್ದು ಅಷ್ಟೇ.

ಮೊದಲು ಬಂದ ಇಂಜಿನಿಯರ್ ಒಂದೇ ವಾರದಲ್ಲಿ ನಕ್ಷೆ ಕೊಟ್ಟರು. ಡ್ಯೂಪ್ಲೆಕ್ಸ್, 1,900 ಚದರ ಅಡಿ, ನಾಲ್ಕು ಬಚ್ಚಲು, ಕೆಳಗೊಂದು ಹಾಲು, ಮೇಲೊಂದು ಹಾಲು. ನಮ್ಮ ಯಜಮಾನರು ಅದನ್ನು ನೋಡಿ, “ಇದರಲ್ಲಿ ಯಾರು ಎಲ್ಲಿ ಕೂರೋದು?” ಎಂದರು. ಆ ಪ್ರಶ್ನೆಯಿಂದಲೇ ನಮ್ಮ ಮನೆ ಶುರುವಾಯಿತು. ಮನೆಮಂದಿಗೆಲ್ಲ ಒಂದೊಂದು ಹಾಳೆ ಕೊಟ್ಟು, ಬೆಳಗ್ಗೆ ಎದ್ದಾಗಿನಿಂದ ಮಲಗುವ ತನಕ ಎಲ್ಲೆಲ್ಲಿ ಇರುತ್ತೀರಿ, ಏನು ಮಾಡುತ್ತೀರಿ ಎಂದು ಬರೆಯಿರಿ ಅಂದೆ. ಅತ್ತೆಯವರಿಗೆ ಆಗಲೇ 81. ಅವರ ಹಾಳೆಯನ್ನು ಮೊಮ್ಮಗ ಕೇಳಿ ಬರೆದುಕೊಟ್ಟ. “ರಸ್ತೆ ಕಾಣೋ ಹಂಗೆ ಒಂದು ಜಗುಲಿ. ಬಚ್ಚಲಿಗೆ ಹೋಗೋವಾಗ ಹೊಸ್ತಿಲು ಎಡವಬಾರದು.” ಎರಡೇ ಸಾಲು. ಮಗನಿಗೆ ಮನೆಯಿಂದಲೇ ಕಂಪ್ಯೂಟರ್ ಕೆಲಸ, ಬಾಗಿಲು ಹಾಕಿಕೊಂಡರೆ ಮಿಕ್ಸಿ ಸದ್ದು ಕೇಳಬಾರದು. ಸೊಸೆ ಬರೆದದ್ದು ಹೀಗಿತ್ತು: “ಅಡುಗೆಮನೆಯಲ್ಲಿ ಒಬ್ಬಳೇ ಗೋಡೆ ನೋಡ್ತಾ ನಿಲ್ಲೋಕೆ ಆಗಲ್ಲ ಅತ್ತೆ, ಎಲ್ಲರೂ ಕಾಣಬೇಕು.” ಮೊಮ್ಮಗನಿಗೆ ಮಳೆ ನೋಡುವ ಜಾಗ ಬೇಕಿತ್ತು. ಈ ಹಾಳೆಗಳಲ್ಲಿ ಎರಡನೇ ಹಾಲನ್ನು ಯಾರೂ ಕೇಳಿರಲಿಲ್ಲ. ನಾಲ್ಕನೇ ಬಚ್ಚಲನ್ನೂ ಕೇಳಿರಲಿಲ್ಲ.

ಕೊನೆಗೆ ಕಟ್ಟಿದ್ದು ಕೆಳಗೆ 850 ಚದರ ಅಡಿ, ಮೇಲೆ ಮಗ-ಸೊಸೆಗೆ ಒಂದು ಕೋಣೆ. ಕಟ್ಟದೇ ಬಿಟ್ಟ ಆ 800 ಚಿಲ್ಲರೆ ಚದರ ಅಡಿಯ ಸಿಮೆಂಟು, ಕಬ್ಬಿಣ, ಜಲ್ಲಿ ಎಲ್ಲವೂ ಉಳಿಯಿತು. ಗುಡಿಸುವ ಸೊಸೆಯ ಕೈಯೂ ಉಳಿಯಿತು. ಪರಿಸರಸ್ನೇಹಿ ಸಾಮಗ್ರಿಗಳ ಪಟ್ಟಿ ಕೊಡುವವರು ಈ ಉಳಿತಾಯದ ಮಾತೇ ಎತ್ತುವುದಿಲ್ಲ. ಯಾವ ಸಾಮಗ್ರಿ ತಂದರೂ ಅದು ಇದಕ್ಕೆ ಸಮನಾಗದು ಎಂಬುದು ನನ್ನ ದೃಢ ಅಭಿಪ್ರಾಯ.

ಆಮೇಲೆ ಬಿಸಿಲಿನ ಲೆಕ್ಕ. ನಮ್ಮೂರು ಇರುವುದು 14 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ, ಉಳಿದ ತಿಂಗಳು ದಕ್ಷಿಣಕ್ಕೆ. ಹಾಗಾಗಿ ಉತ್ತರದ ಕಿಟಕಿಗೆ ಬಿಸಿಲು ಬೀಳುವುದಿಲ್ಲ ಎಂದು ಸಜ್ಜಾ ಕೈಬಿಡುವುದು ನಮ್ಮ ಸೀಮೆಗೆ ಹೊಂದುವ ಮಾತಲ್ಲ. ಎರಡೂ ಕಡೆ ಎರಡೆರಡು ಅಡಿ ಸಜ್ಜಾ ಕೊಟ್ಟೆವು. ಸಜ್ಜಾದಿಂದ ತಡೆಯಲಾಗದ್ದು ಪಡುವಣದ ಬಿಸಿಲು, ಅದು ಅಡ್ಡಡ್ಡ ಬರುತ್ತದೆ. ಪಶ್ಚಿಮದ ಗೋಡೆಗೆ ಬಚ್ಚಲು, ಮೆಟ್ಟಿಲು, ಸಾಮಾನು ಕೋಣೆ ಒತ್ತಿಟ್ಟು, ಮಲಗುವ ಕೋಣೆಗಳನ್ನು ಅದರಿಂದ ದೂರ ಇಟ್ಟೆವು. ಮೆಟ್ಟಿಲು ಏರಿದ ತುದಿಯಲ್ಲಿ ಹಳ್ಳಿ ಮನೆಯ ಗವಾಕ್ಷಿಯನ್ನೇ ಹೊಸದಾಗಿ ಮಾಡಿದ್ದೇವೆ, ನಾಲ್ಕು ಕಡೆ ಸೊಳ್ಳೆ ಜಾಲರಿಯ ಕಿಂಡಿ, ಮೇಲೆ ಗಾಜು. ಬಿಸಿ ಗಾಳಿ ತಾನಾಗಿ ಮೇಲೇರಿ ಅಲ್ಲಿಂದ ಹೊರಹೋಗುತ್ತದೆ. ಬೇಸಿಗೆಯಲ್ಲಿ ಹಗಲು ಕಿಟಕಿ ಮುಚ್ಚಿ ರಾತ್ರಿ ತೆರೆಯಬೇಕು. ಇದೊಂದು ಶಿಸ್ತು ಮನೆಯವರು ಕಲಿಯಲೇಬೇಕು. ದಪ್ಪ ಗೋಡೆ ಹಗಲೆಲ್ಲ ಹೀರಿದ ಶಾಖವನ್ನು ರಾತ್ರಿ ಬಿಡುತ್ತದೆ, ಅದಕ್ಕೆ ಹೋಗಲು ದಾರಿ ಬೇಕಲ್ಲ.

ಗೋಡೆಯ ವಿಷಯಕ್ಕೆ ಬರುತ್ತೇನೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರು ಶುರುಮಾಡಿದ ‘ಅಸ್ತ್ರ’ ಎಂಬ ಘಟಕ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನವನ್ನು ಹುಡುಕಿತು. ಪ್ರೊ. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ಅಲ್ಲಿ ಮಣ್ಣಿನ ಬ್ಲಾಕಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿದರೆ ಸುಡದೆಯೇ ಗಟ್ಟಿಯಾಗುವ ಬ್ಲಾಕು ಅದು. ಆ ವಿಜ್ಞಾನ ಸಂಸ್ಥೆಯ ಎರಡನೇ ಆವರಣ ಇರುವುದು ನಮ್ಮ ಚಳ್ಳಕೆರೆ ಹತ್ತಿರದ ಕುದಾಪುರದಲ್ಲಿ. ಕರ್ನಾಟಕದಲ್ಲೇ ಬೆಳೆದ ಈ ವಿದ್ಯೆ ನಮ್ಮ ಜಿಲ್ಲೆಯ ಮೇಸ್ತ್ರಿಗಳಿಗೆ ಇವತ್ತಿಗೂ ಹೊಸದು ಎನ್ನುವುದು ನನ್ನನ್ನು ಕಾಡುತ್ತದೆ.

ಮಣ್ಣಿನ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯವೇ ಬೇಕೆಂದೇನಿಲ್ಲ. ಸೈಟಿನಲ್ಲಿ ಮೇಲಿನ ಒಂದು ಅಡಿ ಮಣ್ಣು ಬದಿಗಿಟ್ಟು (ಅದರಲ್ಲಿ ಬೇರು, ಕಸ ಇರುತ್ತದೆ, ಗಿಡಕ್ಕೆ ಒಳ್ಳೆಯದು), ಕೆಳಗಿನ ಕೆಂಪು ಮಣ್ಣನ್ನು ಹಾರ್ಲಿಕ್ಸ್ ಬಾಟಲಿಗೆ ಮೂರನೇ ಒಂದು ಭಾಗ ತುಂಬಿ, ನೀರು ಹಾಕಿ, ಚಿಟಿಕೆ ಉಪ್ಪು ಸೇರಿಸಿ ಚೆನ್ನಾಗಿ ಕುಲುಕಿ ಕಟ್ಟೆಯ ಮೇಲಿಟ್ಟೆ. ಮೊಮ್ಮಗ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಿದ್ದ. ಒಂದು ನಿಮಿಷದೊಳಗೆ ತಳದಲ್ಲಿ ಮರಳು ಕೂತಿತು, ಕಾಳುಕಾಳಾಗಿ ಕಣ್ಣಿಗೆ ಕಾಣುವಂಥದು. ಅರ್ಧ ಗಂಟೆಯಲ್ಲಿ ಅದರ ಮೇಲೆ ನುಣುಪಾದ ಹೂಳಿನ ಪದರ. ಆಮೇಲೆ ನೀರು ಕೆಂಪಗೇ ಉಳಿಯಿತು. ಮರುದಿನ ಬೆಳಗ್ಗೆ ನೋಡಿದರೆ ನೀರು ತಿಳಿಯಾಗಿ, ಎಲ್ಲಕ್ಕಿಂತ ಮೇಲೆ ಬೆಣ್ಣೆಯ ಹಾಗೆ ಜೇಡಿಯ ಪದರ. ಸ್ಕೇಲು ಹಿಡಿದು ಅಳೆದೆವು. ಜೇಡಿ ಬೇಕಾದ್ದಕ್ಕಿಂತ ತುಸು ಹೆಚ್ಚಿತ್ತು, ಅಂಥ ಮಣ್ಣು ಒಣಗಿದಾಗ ಬಿರಿಯುತ್ತದೆ. ಕ್ರಷರಿನ ಕಲ್ಲುಪುಡಿ ಬೆರೆಸಿ ಸರಿಮಾಡಿಕೊಂಡೆವು. ಹದಿನಾಲ್ಕು ಬಾಂಡ್ಲಿ ಮಿಶ್ರಣಕ್ಕೆ ಒಂದು ಬಾಂಡ್ಲಿ ಸಿಮೆಂಟು. ನಮ್ಮ ಜಿಲ್ಲೆಯಲ್ಲೇ ಎರೆ ಭೂಮಿ ಇರುವವರು ಮಾತ್ರ ಹುಷಾರಾಗಿರಬೇಕು. ಎರೆ ಮಣ್ಣು ಒದ್ದೆಯಾದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಈ ಬ್ಲಾಕಿಗೆ ಬರುವುದಿಲ್ಲ.

ಪಾಯದ ಮತ್ತು ಸಂಪಿನ ಗುಂಡಿಯ ಮಣ್ಣೇ ಗೋಡೆಯಾಯಿತು. ಬಾಡಿಗೆ ಯಂತ್ರದಲ್ಲಿ ಎರಡೂವರೆ ವಾರ ಒತ್ತಿ ಆರೂವರೆ ಸಾವಿರ ಬ್ಲಾಕು ಮಾಡಿದರು, ಒಂದೊಂದೂ ಎಂಟು ಕಿಲೊ ತೂಕ. ಗೋಣಿತಾಟು ಹೊದಿಸಿ ಮೂರು ವಾರ ನೀರುಣಿಸಿದೆವು. ಭಟ್ಟಿ ಸುಡಲು ಸೌದೆ ಬೇಕಾಗಲಿಲ್ಲ, ಲಾರಿ ಓಡಾಟವೂ ಕಡಿಮೆಯಾಯಿತು. ಗೋಡೆಗೆ ಗಿಲಾವು ಮಾಡಿಲ್ಲ, ಸಂದು ತುಂಬಿ ಹಾಗೇ ಬಿಟ್ಟಿದ್ದೇವೆ. ಅಷ್ಟರಮಟ್ಟಿಗೆ ಮರಳೂ ಉಳಿಯಿತು. ಮರಳಿಗಾಗಿ ವೇದಾವತಿಯ ಒಡಲು ಬಗೆದದ್ದನ್ನು ಕಣ್ಣಾರೆ ಕಂಡವಳು ನಾನು, ಆ ಉಳಿತಾಯದ ಬೆಲೆ ನನಗೆ ಗೊತ್ತು.

ಮೇಸ್ತ್ರಿಗೆ ಮಾತ್ರ ನಂಬಿಕೆ ಇರಲಿಲ್ಲ. “ಮೇಡಮ್ಮೋರೆ, ನಾನ್ ಕಟ್ ಕೊಡ್ತೀನಿ, ಆದ್ರೆ ಜೋರ್ ಮಳೆ ಬಂದ್ರೆ ಕರಗಲ್ವಾ?” ಎಂದು ದಿನಕ್ಕೊಮ್ಮೆ ಕೇಳುತ್ತಿದ್ದರು. ಉತ್ತರವನ್ನು 2022ರ ಮಳೆಗಾಲವೇ ಕೊಟ್ಟಿತು. ನಮ್ಮ ಜಿಲ್ಲೆಯ ವಾಣಿವಿಲಾಸ ಸಾಗರ ಜಲಾಶಯ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದ ವರ್ಷ ಅದು. ನಮ್ಮ ಗೋಡೆ ಆಗ ಕಿಟಕಿ ಮಟ್ಟ ದಾಟಿತ್ತು, ಮೇಲೆ ಸೂರಿರಲಿಲ್ಲ. ವಾರಗಟ್ಟಲೆ ನೆನೆಯಿತು. ಮಳೆ ಬಿಟ್ಟ ದಿನ ಮೇಸ್ತ್ರಿ ಕರಣೆಯ ಮೊನೆಯಿಂದ ಗೋಡೆಯನ್ನು ಗೀರಿ ನೋಡಿದರು, ಇನ್ನೊಮ್ಮೆ ಬೇರೆ ಕಡೆ ಗೀರಿದರು. ಏನೂ ಹೇಳದೆ ದಾರ ಕಟ್ಟಿ ಮುಂದಿನ ವರಸೆ ಶುರುಮಾಡಿದರು. ಈಗ ತಮ್ಮ ಮಗಳ ಮನೆಗೆ ಇದೇ ಬ್ಲಾಕು ಎನ್ನುತ್ತಿದ್ದಾರೆ.

ಆದರೆ ಆ ಮಳೆ ಒಂದು ತಪ್ಪನ್ನೂ ತೋರಿಸಿತು, ಅದನ್ನು ಮುಚ್ಚಿಡುವುದು ಸರಿಯಲ್ಲ. ನೈಋತ್ಯದ ಗಾಳಿಗೆ ಇರಿಚಲು ಹೊಡೆಯುವ ಪಶ್ಚಿಮ ಗೋಡೆಯ ಬುಡದಲ್ಲಿ, ನೆಲದಿಂದ ಚಿಮ್ಮಿದ ನೀರಿಗೆ ಎರಡು ವರಸೆ ಬ್ಲಾಕಿನ ಅಂಚು ಸವೆದುಹೋಯಿತು. ಸೈಜುಗಲ್ಲಿನ ಕಟ್ಟೆಯನ್ನು ಒಂದೂವರೆ ಅಡಿಗೆ ನಿಲ್ಲಿಸಿದ್ದೆವು, ಆ ಕಡೆ ಎರಡೂವರೆ ಅಡಿ ಬೇಕಿತ್ತು. ಆಮೇಲೆ ಹೊರಗಿನಿಂದ ಕಲ್ಲಿನ ಹೊದಿಕೆ ಕೊಡಿಸಿದೆವು, ಖರ್ಚು ಹೆಚ್ಚಾಯಿತು. ಮಣ್ಣಿನ ಬ್ಲಾಕಿನಲ್ಲಿ ಕಟ್ಟಿಸುವವರು ಮಳೆ ಹೊಡೆಯುವ ದಿಕ್ಕನ್ನು ಮೊದಲು ನೋಡಲಿ.

ಮೋಲ್ಡಿನ ವಿಷಯ ಇನ್ನೂ ಮುಖ್ಯ. ನಮ್ಮ ಕಡೆ ಮನೆಯೊಳಗೆ ಬರುವ ಶಾಖದಲ್ಲಿ ಹೆಚ್ಚಿನ ಪಾಲು ತಾರಸಿಯದು, ಹಗಲೆಲ್ಲ ನೇರ ಬಿಸಿಲಿಗೆ ಕಾಯುವುದು ಅದೊಂದೇ. ವಾಸ್ತುಶಿಲ್ಪಿ ಲಾರಿ ಬೇಕರ್ ಅವರು ಕೇರಳದಲ್ಲಿ ಬಳಕೆಗೆ ತಂದ ಫಿಲ್ಲರ್ ಸ್ಲ್ಯಾಬ್ ಹಾಕಿಸಿದೆವು. ತಾರಸಿಯ ಕೆಳಭಾಗದಲ್ಲಿ ಎಳೆತವನ್ನು ತಡೆಯುವುದು ಕಬ್ಬಿಣ, ಅಲ್ಲಿನ ಕಾಂಕ್ರೀಟಿಗೆ ಹೆಚ್ಚು ಕೆಲಸವಿಲ್ಲ. ಆ ಜಾಗದಲ್ಲಿ ಕಂಬಿಗಳ ನಡುವೆ ಎರಡೆರಡು ಮಂಗಳೂರು ಹೆಂಚು ಜೋಡಿಸಿಟ್ಟು ಮೇಲೆ ಕಾಂಕ್ರೀಟು ಸುರಿಯುತ್ತಾರೆ. ಎರಡು ಹೆಂಚಿನ ನಡುವಿನ ಗಾಳಿ ಶಾಖ ತಡೆಯುತ್ತದೆ, ಕಾಂಕ್ರೀಟೂ ಉಳಿಯುತ್ತದೆ. ನಮ್ಮ ಲೆಕ್ಕದಲ್ಲಿ ಐದರಲ್ಲಿ ಒಂದು ಪಾಲು ಉಳಿಯಿತು. ಹೆಂಚು ಕೊಳ್ಳಲಿಲ್ಲ. ಹೊಳಲ್ಕೆರೆ ರಸ್ತೆಯಲ್ಲಿ ಕೆಡವುತ್ತಿದ್ದ ಹಳೆಯ ಮನೆಯೊಂದರಿಂದ ತಂದೆವು. ಹಿಂದಿನ ರಾತ್ರಿ ಅವನ್ನೆಲ್ಲ ಡ್ರಮ್ಮಿನಲ್ಲಿ ನೆನೆಹಾಕಬೇಕು, ಒಣ ಹೆಂಚು ಕಾಂಕ್ರೀಟಿನ ನೀರನ್ನು ಹೀರಿಬಿಡುತ್ತದೆ. ಅದನ್ನು ಒಬ್ಬ ಕೆಲಸಗಾರ ಮರೆತಿದ್ದ. ಬೆಳಗ್ಗೆ ಆರಕ್ಕೆ ನಾನೂ ಸೊಸೆಯೂ ಕೊಡಪಾನ ಹಿಡಿದು ನಿಂತೆವು. ಈಗ ಹಾಲಿನಲ್ಲಿ ಮಲಗಿ ಮೇಲೆ ನೋಡಿದರೆ ಆ ಹೆಂಚುಗಳ ಬೆನ್ನು ಸಾಲಾಗಿ ಕಾಣುತ್ತದೆ, ಅತ್ತೆಯವರಿಗೆ ಅದೇ ಇಷ್ಟ. ತಾರಸಿಯ ಮೇಲೆ ಪ್ರತಿ ಫೆಬ್ರುವರಿಯಲ್ಲಿ ಬಿಳಿ ಸುಣ್ಣ ಬಳಿಯುತ್ತೇವೆ. 2024ರ ಏಪ್ರಿಲ್‌ನ ಒಂದು ಮಧ್ಯಾಹ್ನ ಮೂರು ಗಂಟೆಗೆ ಥರ್ಮಾಮೀಟರ್ ಹಿಡಿದು ನೋಡಿದೆ: ಹೊರಗೆ ನೆರಳಿನಲ್ಲಿ 39 ಡಿಗ್ರಿ, ಹಾಲಿನಲ್ಲಿ 33. ಎ.ಸಿ. ಇಲ್ಲ, ಫ್ಯಾನು ಇದೆ.

ನೀರು. ನಾನು ಕೆಲಸ ಮಾಡಿದ ಎರಡು ಶಾಲೆಗಳಲ್ಲಿ ಹಲ್ಲಿನ ಮೇಲೆ ಕಂದು ಪಟ್ಟಿ ಇರುವ ಮಕ್ಕಳನ್ನು ಸಾಲುಸಾಲಾಗಿ ನೋಡಿದ್ದೇನೆ. ಬೋರ್‌ವೆಲ್ ನೀರಿನ ಫ್ಲೋರೈಡ್ ಅದು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ. ಮಳೆ ನೀರಿನಲ್ಲಿ ಆ ಬಾಧೆ ಇಲ್ಲ. ಲೆಕ್ಕ ಸುಲಭ: ಒಂದು ಚದರ ಮೀಟರ್ ತಾರಸಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ನಮ್ಮ ತಾರಸಿ ಸುಮಾರು 79 ಚದರ ಮೀಟರ್. ಚೆಲ್ಲಿಹೋಗುವ ಐದನೇ ಒಂದು ಪಾಲು ಕಳೆದರೂ 600 ಮಿ.ಮೀ. ಮಳೆಗೆ 38 ಸಾವಿರ ಲೀಟರ್ ಸಿಗುತ್ತದೆ. ಕುಡಿಯಲು, ಅಡುಗೆಗೆ ಆರು ಜನಕ್ಕೆ ದಿನಕ್ಕೆ 25 ಲೀಟರ್ ಹಿಡಿದರೆ ವರ್ಷಕ್ಕೆ 9,125 ಲೀಟರ್. ಅದಕ್ಕೇ ಎಂಟಡಿ ಉದ್ದ, ಎಂಟಡಿ ಅಗಲ, ಐದೂವರೆ ಅಡಿ ಆಳದ 10 ಸಾವಿರ ಲೀಟರ್ ಸಂಪು ಕಟ್ಟಿಸಿದೆವು. ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಟ್ಟು, ಆಮೇಲಿನದನ್ನು ಸೋಸಿ ಒಳಗೆ ಬಿಡುತ್ತೇವೆ. ಸಂಪು ತುಂಬಲು 160 ಮಿ.ಮೀ. ಮಳೆ ಸಾಕು. 2023ರ ಬರದಲ್ಲೂ ತುಂಬಿತು! ಹೆಚ್ಚಾದದ್ದು ಇಂಗುಗುಂಡಿಗೆ. ಕೋಟೆಯ ಮೇಲಿನ ನೀರನ್ನು ಹೊಂಡದಿಂದ ಹೊಂಡಕ್ಕೆ ಇಳಿಸಿ, ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡ, ಸಂತೆ ಹೊಂಡದವರೆಗೆ ಒಂದು ಹನಿಯೂ ಪೋಲಾಗದಂತೆ ನೋಡಿಕೊಂಡ ಊರು ನಮ್ಮದು. ಅದೇ ಊರಿನಲ್ಲಿ ಈಗ ತಾರಸಿ ನೀರಿನ ಪೈಪನ್ನು ಚರಂಡಿಗೆ ಬಿಡುತ್ತಾರೆ.

ಬಚ್ಚಲ ನೀರು ಕಾಬಾಳೆ ಗಿಡ ಹಾಯ್ದು ಎರಡು ಬಾಳೆಗೆ ಹೋಗುತ್ತದೆ. ಸೋಲಾರ್ ಬಗ್ಗೆ ಎಲ್ಲರೂ ಬರೆಯುತ್ತಾರೆ, ನಾನು ಹೆಚ್ಚು ಹೇಳುವುದಿಲ್ಲ. 2 ಕಿಲೊವಾಟ್ ಹಾಕಿಸುವವರಿಗೆ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 60 ಸಾವಿರ ರೂಪಾಯಿ ಸಹಾಯಧನವಿದೆ. ಆದರೆ ಮನೆಯನ್ನು ಬೆಂಕಿಪೊಟ್ಟಣದ ಹಾಗೆ ಕಟ್ಟಿ, ಎ.ಸಿ. ಹಾಕಿ, ಅದಕ್ಕೆಂದು ಸೋಲಾರ್ ಹಾಕುವುದನ್ನು ಪರಿಸರಸ್ನೇಹಿ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ಖರ್ಚು ಕಡಿಮೆಯಾಯಿತೇ ಎಂದು ಎಲ್ಲರೂ ಕೇಳುತ್ತಾರೆ. ಚದರ ಅಡಿಯ ಲೆಕ್ಕದಲ್ಲಿ ಅಷ್ಟೇನೂ ಕಡಿಮೆ ಆಗಲಿಲ್ಲ. ಸಾಮಗ್ರಿಯಲ್ಲಿ ಉಳಿದದ್ದು ಕೂಲಿಗೆ ಹೋಯಿತು, ಆ ದುಡ್ಡು ಊರಿನ ಜನರ ಕೈಸೇರಿತು. ನಮಗೆ ದುಡ್ಡು ಉಳಿದದ್ದು ಚಿಕ್ಕದಾಗಿ ಕಟ್ಟಿದ್ದರಿಂದ.

ನಮ್ಮನ್ನು ನಿಜಕ್ಕೂ ಸುಸ್ತು ಮಾಡಿದ್ದು ಸಾಲದ ಕಾಗದ. ಬ್ಯಾಂಕಿನಿಂದ ಬೆಲೆ ಕಟ್ಟಲು ಬಂದವರು ಸೈಟಿನಲ್ಲಿ ಬ್ಲಾಕಿನ ರಾಶಿ ನೋಡಿ, ವರದಿಯಲ್ಲಿ ‘ಮಣ್ಣಿನ ಗೋಡೆ, ಕಚ್ಚಾ ಮನೆ’ ಎಂದು ಬರೆದರು. ಎರಡನೇ ಕಂತು ನಿಂತಿತು. ಮಣ್ಣಿನ ಬ್ಲಾಕಿನ ಗುಣಮಟ್ಟಕ್ಕೆ ಭಾರತೀಯ ಮಾನಕ (ಐ.ಎಸ್.) 1725 ಇದೆ, 1960ರಲ್ಲೇ ಬಂದದ್ದು, 1982ರಲ್ಲಿ, ಮತ್ತೆ 2013ರಲ್ಲಿ ಪರಿಷ್ಕರಣೆಯಾದದ್ದು. ಅದರ ಪ್ರತಿ ಹಿಡಿದು, ನೀರಲ್ಲಿ ನೆನೆಸಿದ ಬ್ಲಾಕು ಎಷ್ಟು ಭಾರ ತಡೆಯುತ್ತದೆಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಡೆಸಿ ನೋಡಿ ವರದಿ ತಂದು, ನಾನೂ ನಮ್ಮ ಯಜಮಾನರೂ ಐದು ಸಲ ಅಲೆದೆವು. ನನಗೆ ಓದಲು, ವಾದಿಸಲು ಬರುತ್ತಿತ್ತು, ಸಮಯವೂ ಇತ್ತು. ದಿನಗೂಲಿ ಬಿಟ್ಟು ಬರಬೇಕಾದವರು ಎರಡನೇ ಸಲಕ್ಕೇ ಇಟ್ಟಿಗೆಗೆ ಒಪ್ಪಿಕೊಂಡುಬಿಡುತ್ತಾರೆ. ಬೆಲೆ ಕಟ್ಟುವವರ ವರದಿ ನಮೂನೆಯಲ್ಲಿ ‘ಸ್ಥಿರೀಕೃತ (ಸಿಮೆಂಟು ಬೆರೆಸಿ ಗಟ್ಟಿ ಮಾಡಿದ) ಮಣ್ಣಿನ ಬ್ಲಾಕು’ ಎಂಬ ಒಂದು ಸಾಲು ಇದ್ದಿದ್ದರೆ ನಮಗೆ ಎರಡು ತಿಂಗಳು ಉಳಿಯುತ್ತಿತ್ತು. ಬ್ಯಾಂಕುಗಳ ಮೇಲಿನವರು ದಯವಿಟ್ಟು ಇದನ್ನು ಓದಬೇಕು. ಜಿಲ್ಲೆಗೊಂದರಂತೆ ಇರುವ ನಿರ್ಮಿತಿ ಕೇಂದ್ರಗಳು ಹುಟ್ಟಿದ್ದೇ ಕಡಿಮೆ ಖರ್ಚಿನ ಕಟ್ಟಡ ತಂತ್ರ ಹರಡಲು. ಪ್ರತಿ ತಾಲ್ಲೂಕಿನಲ್ಲಿ ವರ್ಷಕ್ಕೆ ಹತ್ತು ಗಾರೆ ಕೆಲಸದವರಿಗೆ ಮಣ್ಣಿನ ಬ್ಲಾಕು, ಫಿಲ್ಲರ್ ಸ್ಲ್ಯಾಬ್ ಕೆಲಸವನ್ನು ಕೂಲಿ ಕೊಟ್ಟು ಕಲಿಸಿದರೆ ಎಷ್ಟು ಮನೆಗಳ ದಾರಿ ಬದಲಾಗುತ್ತದೆ!

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಪುರವಣಿಯಲ್ಲಿ ಮುಂದಿನ ವಾರಗಳಲ್ಲಿ 30–40ರ, 20–30ರ ಸೈಟಿನ ಮನೆಗಳನ್ನು ಹುಡುಕಿ ಹಾಕಿ. ನಕ್ಷೆ ಹಾಕಿ, ಖರ್ಚು ಹಾಕಿ, ಆದ ತಪ್ಪುಗಳನ್ನೂ ಕೇಳಿ ಹಾಕಿ. ಬಳ್ಳಾರಿಯ ಬಿಸಿಲಿಗೆ, ಉಡುಪಿಯ ಮಳೆಗೆ, ಮಡಿಕೇರಿಯ ಚಳಿಗೆ ಒಂದೇ ಮನೆ ಒಗ್ಗುವುದಿಲ್ಲ, ಆಯಾ ಊರಿನವರಿಂದಲೇ ಬರೆಸಿ. ನಮ್ಮ ಮನೆಯನ್ನು ನೋಡಲು ತಮ್ಮ ವರದಿಗಾರರು ಯಾವ ದಿನವಾದರೂ ಬರಬಹುದು. ಮಧ್ಯಾಹ್ನ ಮೂರು ಗಂಟೆಗೆ ಬಂದರೆ ಒಳ್ಳೆಯದು. ಆ ಹೊತ್ತಿನಲ್ಲಿ ಅತ್ತೆಯವರು ಜಗುಲಿಯಿಂದೆದ್ದು ಒಳಗೆ ಬಂದು ಕೆಂಪು ಗಾರೆಯ ನೆಲದ ಮೇಲೆ ಚಾಪೆ ಹಾಸಿಕೊಂಡಿರುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಚಿತ್ರದುರ್ಗ